ಪ್ರೆಸ್ಸಿಗೆ ಬೆರಳು ಕೊಟ್ಟವನ ಗಿಟಾರು

ಟಿ. ದಾಸರಹಳ್ಳಿ: ಸಂಜೆ ಶಿಫ್ಟು ಬಿಟ್ಟ ಹೊತ್ತಿನಲ್ಲಿ ಎಂಟನೇ ಮೈಲಿಯ ಬಸ್ ಸ್ಟಾಪಿಗೆ ಬಂದು ನಿಂತು ನೋಡಿ. ಮುಖ ನೋಡಬೇಡಿ, ಕೈ ನೋಡಿ. ಒಂದು ಕೈಯಲ್ಲಿ ಟಿಫಿನ್ ಕ್ಯಾರಿಯರು, ಇನ್ನೊಂದು ಕೈ ಬಸ್ಸಿನ ಕಂಬಿಗೆ. ಆ ಕಂಬಿ ಹಿಡಿದ ಕೈಗಳಲ್ಲಿ ಆಗೊಂದು ಈಗೊಂದು ಲೆಕ್ಕ ತಪ್ಪಿರುತ್ತದೆ. ಐದು ಇರಬೇಕಾದ ಕಡೆ ನಾಲ್ಕೂವರೆ. ಏನಾಯ್ತು ಸ್ವಾಮಿ ಅಂತ ಕೇಳಿದರೆ ‘ಪ್ರೆಸ್ಸು’ ಅನ್ನುತ್ತಾರೆ. ಅಷ್ಟೆ. ಪೀಣ್ಯದ ಸುತ್ತಮುತ್ತ ಆ ಒಂದು ಮಾತು ಸಾಕು, ಮಿಕ್ಕಿದ್ದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಅದೇ ಬಸ್ಸಿನಲ್ಲಿ, ಅದೇ ಮೆಟ್ರೋದಲ್ಲಿ, ಕಪ್ಪು ಟೀ ಶರ್ಟು ತೊಟ್ಟ ಹುಡುಗರೂ ಇರುತ್ತಾರೆ. ಅಂಗಿಯ ಮೇಲೆ ತಲೆಬುರುಡೆ, ಕಿವಿಯಲ್ಲಿ ವೈರು, ತಲೆ ಮಾತ್ರ ತಾಳಕ್ಕೆ ತಕ್ಕ ಹಾಗೆ ಅಲ್ಲಾಡುತ್ತಿರುತ್ತದೆ. ಪಕ್ಕದಲ್ಲಿ ಕೂತ ಹಿರಿಯರಿಗೆ ವೈರಿನಿಂದ ಸೋರುವ ಸದ್ದು ಕೇಳಿ ಮೈ ಉರಿಯುತ್ತದೆ. ‘ಇದೂ ಒಂದು ಸಂಗೀತಾನಾ? ತಗಡು ಬಡಿದ ಹಾಗಿದೆ’ ಅನ್ನುತ್ತಾರೆ.

ಹಿರಿಯರ ಮಾತಿನಲ್ಲಿ ಸುಳ್ಳಿಲ್ಲ. ಆ ಸಂಗೀತ ಹುಟ್ಟಿದ್ದೇ ತಗಡಿನ ಕಾರ್ಖಾನೆಯಲ್ಲಿ. ಪ್ರೆಸ್ ಮೆಷಿನ್ನಿಗೆ ಬಲಗೈಯ ಎರಡು ಬೆರಳ ತುದಿ ಕೊಟ್ಟ ಒಬ್ಬ ಹುಡುಗ ಅದಕ್ಕೆ ಅಸ್ತಿಭಾರ ಹಾಕಿದ. ಊರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್. ಹೆಸರು ಟೋನಿ ಅಯೋಮಿ. ತಂಡದ ಹೆಸರು ಬ್ಲ್ಯಾಕ್ ಸಬ್ಬತ್. ಹಾರ್ಡ್ ರಾಕ್, ಹೆವಿ ಮೆಟಲ್ ಅಂತ ಏನೇನು ಹೆಸರಿಟ್ಟು ಜಗತ್ತು ಕುಣಿಯುತ್ತಿದೆಯೋ ಅದರ ಅರ್ಧ ವ್ಯಾಕರಣ ಈ ಆಸಾಮಿಯ ಗಾಯಗೊಂಡ ಕೈಯಿಂದ ಬಂದದ್ದು. ದಾಸರಹಳ್ಳಿಯವರಿಗೆ ಈ ಕಥೆ ಲಂಡನ್ನಿನವರಿಗಿಂತ ಬೇಗ ಅರ್ಥವಾಗುತ್ತದೆ.

ಅಂಗಡಿ ಮನೆಯ ಹುಡುಗ

ಬರ್ಮಿಂಗ್‌ಹ್ಯಾಮ್‌ಗೆ ‘ಸಾವಿರ ಕಸುಬಿನ ಊರು’ ಅಂತ ಹಳೆಯ ಹೆಸರು. ಪಿನ್ನು, ಬಟನ್ನು, ಬೀಗ, ಬಂದೂಕು, ಕಾರಿನ ಭಾಗ, ಏನು ಬೇಕಾದರೂ ಅಲ್ಲಿ ತಯಾರಾಗುತ್ತಿತ್ತು. ಒಂದೊಂದು ಬೀದಿಗೆ ಒಂದೊಂದು ವರ್ಕ್‌ಶಾಪು. 1970ರ ದಶಕದಲ್ಲಿ ತಲೆಯೆತ್ತಿದ ನಮ್ಮ ಪೀಣ್ಯವನ್ನು ನೂರು ವರ್ಷ ಹಿಂದಕ್ಕೆ ತಳ್ಳಿ, ಮೇಲೊಂದಿಷ್ಟು ಹೊಗೆ, ಮಂಜು ಸೇರಿಸಿಕೊಂಡರೆ ಆ ಊರಿನ ಅಂದಾಜು ಸಿಗುತ್ತದೆ.

ಆ ಊರಿನ ಆಸ್ಟನ್ ಎಂಬ ಬಡಾವಣೆಯ ಹುಡುಗ ಅಯೋಮಿ. ಹುಟ್ಟಿದ್ದು 1948ರ ಫೆಬ್ರವರಿ 19ರಂದು. ಇಟಲಿ ಮೂಲದ ಕುಟುಂಬ. ತಂದೆ ಕಸುಬಿನಿಂದ ಬಡಗಿ. ತಾಯಿ ಅಂಗಡಿ ನೋಡಿಕೊಳ್ಳುತ್ತಿದ್ದರು. ಮನೆ ಬೇರೆ ಅಂಗಡಿ ಬೇರೆ ಅಲ್ಲ. ಮುಂದೆ ಅಂಗಡಿ, ಹಿಂದೆ ಸಂಸಾರ. ಕೂರುವ ಕೋಣೆಯೇ ಸರಕಿನ ಗೋಡೌನು. ಹೆಸರಘಟ್ಟ ರಸ್ತೆಯಲ್ಲಿ ಮಲ್ಲಸಂದ್ರ, ಬಾಗಲಗುಂಟೆ ಕಡೆ ಹಾಗೆ ಸಂಸಾರ ಮಾಡಿದ ಅಂಗಡಿಯವರಿಗೆ ಬಿಸ್ಕತ್ತಿನ ಡಬ್ಬದ ಮಧ್ಯೆ ಮಗು ಓದುವುದು ಏನು ಅಂತ ಹೇಳಿಕೊಡಬೇಕಾಗಿಲ್ಲ.

ಹುಡುಗನಿಗೆ ಮೊದಲು ಡ್ರಮ್ಸ್ ಮೇಲೆ ಆಸೆ. ಆ ಮನೆಯಲ್ಲಿ ಡ್ರಮ್ಸ್ ಬಾರಿಸಿದರೆ ಗಿರಾಕಿ ಉಳಿಯುತ್ತಾರೆಯೇ? ಗಲಾಟೆ ಅಂತ ಬಿಟ್ಟು ಗಿಟಾರು ಹಿಡಿದ. ಆಗ ಇಂಗ್ಲೆಂಡಿನಲ್ಲಿ ‘ದಿ ಶ್ಯಾಡೋಸ್’ ತಂಡದ ಹ್ಯಾಂಕ್ ಮಾರ್ವಿನ್‌ನ ಗಿಟಾರು ಮನೆಮಾತು. ಅದನ್ನು ಕೇಳಿಕೇಳಿ ಕಲಿತ. ಹುಡುಗ ಎಡಚ. ಎಡಗೈಯಲ್ಲಿ ತಂತಿ ಮೀಟುವುದು, ಬಲಗೈ ಬೆರಳಿನಿಂದ ಮೆಟ್ಟಿಲ ಮೇಲೆ ತಂತಿ ಒತ್ತುವುದು. ಈ ಮಾತು ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಕೊನೆಯ ದಿನ

ಹದಿನೇಳನೇ ವಯಸ್ಸಿಗೆ ಅಯೋಮಿ ಶೀಟ್ ಮೆಟಲ್ ಕಾರ್ಖಾನೆಯಲ್ಲಿ ವೆಲ್ಡಿಂಗ್ ಮಾಡುತ್ತಿದ್ದ. ಅಷ್ಟರಲ್ಲಿ ಒಂದು ತಂಡ ಅವನನ್ನು ಸೇರಿಸಿಕೊಂಡಿತ್ತು, ಯೂರೋಪಿಗೆ ಹೋಗಿ ನುಡಿಸುವ ಅವಕಾಶವೂ ಒದಗಿತ್ತು. ಕೆಲಸ ಬಿಡುವುದಾಗಿ ಹೇಳಿಯಾಗಿತ್ತು. ಅದು ಕೊನೆಯ ದಿನ.

ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವನಿಗೆ ವಾಪಸು ಹೋಗುವ ಮನಸ್ಸಿಲ್ಲ. ಹೇಗೂ ಬಿಟ್ಟಾಯ್ತಲ್ಲ, ಇನ್ನರ್ಧ ದಿನ ಹೋದರೆಷ್ಟು ಬಿಟ್ಟರೆಷ್ಟು. ಆದರೆ ತಾಯಿ ಬಿಡಲಿಲ್ಲ. ಹಿಡಿದ ಕೆಲಸ ಸರಿಯಾಗಿ ಮುಗಿಸಿ ಬಾ ಅಂತ ಕಳಿಸಿದರು. ಯಾವ ಊರಿನ ತಾಯಿಯಾದರೂ ಹೇಳುವ ಮಾತೇ.

ಆ ದಿನ ಪ್ರೆಸ್ ಮೆಷಿನ್ನಿನಲ್ಲಿ ಕೂತು ಅವನಿಗೆ ತಗಡು ಒತ್ತಿ ಕೊಡಬೇಕಾಗಿದ್ದವರು ರಜ. ಇವನನ್ನೇ ಕೂರಿಸಿದರು. ಹೆಲ್ಪರ್ ಬಂದಿಲ್ಲ ನೀನೇ ನೋಡ್ಕೊ ಅನ್ನುವುದು ಪೀಣ್ಯದಲ್ಲೂ ದಿನಾ ಕೇಳುವ ಮಾತು. ಅಭ್ಯಾಸವಿಲ್ಲದ ಮೆಷಿನ್ನು. ಪ್ರೆಸ್ ಬಲಗೈ ಮೇಲೆ ಇಳಿಯಿತು. ಹುಡುಗ ಗಾಬರಿಯಲ್ಲಿ ಕೈ ಎಳೆದುಕೊಂಡ. ಕೈ ಬಂತು, ನಡುಬೆರಳು ಮತ್ತು ಉಂಗುರದ ಬೆರಳಿನ ತುದಿ ಅಲ್ಲೇ ಉಳಿದವು.

ಎಡಚನಿಗೆ ತಂತಿ ಒತ್ತುವ ಕೈ ಅದು. ಇನ್ನು ಗಿಟಾರಿನ ಆಸೆ ಬಿಡು ಎಂದರು ವೈದ್ಯರು.

ಇಲ್ಲಿ ಕಾನೂನಿನ ಲೆಕ್ಕ ಒಂದನ್ನು ಹೇಳಬೇಕು. ನಮ್ಮ ದೇಶದ 1923ರ ಕಾರ್ಮಿಕರ ಪರಿಹಾರ ಕಾಯಿದೆಗೆ ಒಂದು ಷೆಡ್ಯೂಲು ಲಗತ್ತಾಗಿತ್ತು. ಯಾವ ಅಂಗ ಹೋದರೆ ದುಡಿಯುವ ಶಕ್ತಿ ನೂರಕ್ಕೆ ಎಷ್ಟು ಹೋಯಿತು ಅನ್ನುವ ಪಟ್ಟಿ. ಎಲುಬು ಉಳಿದು ತುದಿ ಮಾತ್ರ ಹೋದರೆ ನಡುಬೆರಳಿಗೆ ನೂರಕ್ಕೆ 4. ಉಂಗುರದ ಬೆರಳಿಗೆ 2. ಒಂದು ಗೆಣ್ಣು ಪೂರ್ತಿ ಹೋದರೆ 7 ಮತ್ತು 5. ಆ ಪಟ್ಟಿಯ ಪ್ರಕಾರ ಅಯೋಮಿ ಕಳಕೊಂಡದ್ದು ಹೆಚ್ಚೆಂದರೆ ನೂರಕ್ಕೆ 12. ವೆಲ್ಡರನ ಕೈಗೆ ಅದು ಸರಿಯಾದ ಲೆಕ್ಕವೋ ಏನೋ. ಗಿಟಾರಿನವನ ಕೈಗೆ, ದರ್ಜಿಯ ಕೈಗೆ, ಹೂ ಕಟ್ಟುವವಳ ಕೈಗೆ ಅದೇ ಅಂಕಿ ಹೇಗೆ ಹೊಂದುತ್ತದೋ ಪಟ್ಟಿ ಬರೆದವರೇ ಬಲ್ಲರು.

ಇನ್ನೊಂದು ಮಾತು. ಎರಡು ಕೈಯಲ್ಲಿ ಎರಡು ಗುಂಡಿ ಒಟ್ಟಿಗೆ ಒತ್ತಿದರೆ ಮಾತ್ರ ಪ್ರೆಸ್ ಇಳಿಯುವ ಏರ್ಪಾಡು ಇದೆ. ಕೈ ಅಡ್ಡ ಬಂದರೆ ಮೆಷಿನ್ ನಿಲ್ಲಿಸುವ ಬೆಳಕಿನ ಪರದೆಯೂ ಇದೆ. ಲೆಕ್ಕದ ಪೀಸು ಬೇಗ ಬೀಳಲಿ ಅಂತ ಒಂದು ಗುಂಡಿಯನ್ನು ಟೇಪು ಸುತ್ತಿ ಒತ್ತಿಯೇ ಇಡುವ ಜಾಣರೂ ಇದ್ದಾರೆ. ಅವರು ಈ ಕಥೆಯನ್ನು ಇಲ್ಲಿಯವರೆಗೆ ಓದಿ ನಿಲ್ಲಿಸಿದರೂ ಸಾಕು.

ಎರಡೇ ಬೆರಳಿನ ಜ್ಯಾಂಗೋ

ಮನೆಯಲ್ಲಿ ಮಂಕಾಗಿ ಕೂತ ಹುಡುಗನನ್ನು ನೋಡಲು ಕಾರ್ಖಾನೆಯ ಮೇಲಧಿಕಾರಿ ಬಂದ. ಕೈಯಲ್ಲೊಂದು ರೆಕಾರ್ಡು. ಕೇಳು ಅಂದ. ಹುಡುಗನಿಗೆ ಗಿಟಾರಿನ ಹೆಸರು ಕೇಳಿದರೇ ಸಂಕಟ, ಬೇಡ ಅಂದ. ಆತ ಬಿಡದೆ ಕೇಳಿಸಿದ. ಚೆನ್ನಾಗಿದೆ ಅಂತ ಹುಡುಗ ಒಪ್ಪಿಕೊಂಡ ಮೇಲೆ ವಿಷಯ ಬಿಚ್ಚಿದ: ಇದನ್ನು ನುಡಿಸಿದವನಿಗೂ ಎರಡು ಬೆರಳು ಆಡುವುದಿಲ್ಲ.

ಆ ರೆಕಾರ್ಡು ಜ್ಯಾಂಗೋ ರೈನ್‌ಹಾರ್ಟ್‌ನದು. ಬೆಲ್ಜಿಯಂನಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ಹೆಸರು ಮಾಡಿದ ಅಲೆಮಾರಿ ರೋಮಾ ಜನಾಂಗದವನು. 1928ರಲ್ಲಿ ಅವನ ಸಂಸಾರದ ಗಾಡಿಗೆ ಬೆಂಕಿ ಬಿದ್ದು ಎಡಗೈಯ ಉಂಗುರದ ಬೆರಳು, ಕಿರುಬೆರಳು ಸೆಟೆದುಹೋದವು. ಮಿಕ್ಕ ಎರಡು ಬೆರಳಿನಲ್ಲೇ ತಂತಿಯ ಮೇಲೆ ಕುದುರೆ ಓಡಿಸಿದಂತೆ ಓಡಿಸಿ ಯೂರೋಪಿನ ಜಾಜ್ ಸಂಗೀತದ ದೊಡ್ಡ ಹೆಸರಾದ.

ಆ ಮೇಲಧಿಕಾರಿಯನ್ನು ಮೆಚ್ಚಬೇಕು. ಹಣ್ಣು ತಂದುಕೊಟ್ಟು, ಏನೂ ಆಗಲ್ಲ ಅಂತ ಬೆನ್ನು ತಟ್ಟಿ ಹೋಗಿದ್ದರೆ ಮುಗಿದಿತ್ತು. ಯಾವ ಮಾತಿಗೂ ಆಗದ ಕೆಲಸ ಒಂದು ತಟ್ಟೆಯಿಂದ ಆಯ್ತು.

ಸೋಪಿನ ಬಾಟಲಿ, ಚರ್ಮದ ಜಾಕೆಟ್ಟು

ಇನ್ನು ಮುಂದಿನದು ಅಪ್ಪಟ ವರ್ಕ್‌ಶಾಪಿನ ಕಥೆ. ತುದಿಯಿಲ್ಲದ ಬೆರಳಿಂದ ತಂತಿ ಒತ್ತಿದರೆ ಜೀವ ಹೋಗುವ ನೋವು. ಕೈ ಬದಲಿಸಿ ನುಡಿಸಬಹುದಿತ್ತು. ಆದರೆ ಕಲಿತದ್ದನ್ನೆಲ್ಲ ಬಿಟ್ಟು ಮತ್ತೆ ಅ ಆ ಇ ಈ ತಿದ್ದುವ ತಾಳ್ಮೆ ಹುಡುಗನಿಗಿರಲಿಲ್ಲ. ಪಾತ್ರೆ ತೊಳೆಯುವ ಸೋಪಿನ ಪ್ಲಾಸ್ಟಿಕ್ ಬಾಟಲಿ ತಗೊಂಡ. ಕರಗಿಸಿ ಉಂಡೆ ಮಾಡಿದ. ಸಾಲ್ಡರಿಂಗ್ ಐರನ್ ಕಾಯಿಸಿ ಉಂಡೆಯಲ್ಲಿ ಬೆರಳು ಹೋಗುವಷ್ಟು ತೂತು ಕೊರೆದ. ಉಪ್ಪು ಕಾಗದ ಹಾಕಿ ತೀಡಿ ತೀಡಿ ಬೆರಳಿನ ಆಕಾರಕ್ಕೆ ತಂದ. ದರ್ಜಿಗಳು ಸೂಜಿ ಚುಚ್ಚದಿರಲಿ ಅಂತ ಬೆರಳಿಗೆ ಸಿಗಿಸಿಕೊಳ್ಳುವ ಟೋಪಿಯಂಥದ್ದು ತಯಾರಾಯ್ತು. ಹಾಕಿ ನೋಡಿದರೆ ಪ್ಲಾಸ್ಟಿಕ್ಕು ತಂತಿಯ ಮೇಲೆ ಜಾರುತ್ತದೆ. ಹಳೆಯ ಚರ್ಮದ ಜಾಕೆಟ್ಟು ಕತ್ತರಿಸಿ ತುಂಡನ್ನು ಟೋಪಿಗೆ ಅಂಟಿಸಿದ. ಚರ್ಮ ಮೆತ್ತಗಿದ್ದರೆ ಹಿಡಿತ ಇಲ್ಲ. ಉಜ್ಜಿ ಉಜ್ಜಿ ಹದ ಮಾಡಿದ. ಆಗ ತಂತಿ ಹಿಡಿಯಿತು.

ಬೆರಳಿಗೆ ಟೋಪಿ ಬಂತು, ಸ್ಪರ್ಶ ಬರಲಿಲ್ಲ. ಆ ಎರಡು ಬೆರಳಿಗೆ ತಂತಿ ಎಲ್ಲಿದೆ ಅಂತ ಗೊತ್ತಾಗುವುದೇ ಇಲ್ಲ. ಬೇರೆಯವರು ಬೆರಳಿನಿಂದ ತಿಳಿಯುವುದನ್ನು ಈತ ಕಿವಿಯಿಂದ ತಿಳಿಯಬೇಕು. ಹೆಚ್ಚು ಒತ್ತಿದರೂ ಕಷ್ಟ, ಕಡಿಮೆ ಒತ್ತಿದರೂ ಕಷ್ಟ.

ಮುಂದಿನ ತೊಂದರೆ ತಂತಿಯದು. ಅಂದಿನ ಗಿಟಾರಿನ ತಂತಿ ದಪ್ಪ, ಬಿಗಿ. ಟೋಪಿ ಹಾಕಿದ ಬೆರಳಿಂದ ಅದನ್ನು ಎಳೆದು ಗಮಕ ಕೊಡಲಾಗದು. ತೆಳು ತಂತಿ ಮಾಡಿಕೊಡಿ ಅಂತ ಕೇಳಿದರೆ, ಅದು ಆಗದ ಹೋಗದ ಮಾತು, ಕೊಳ್ಳುವವರು ಯಾರು ಅನ್ನುವ ಉತ್ತರ. ಅಯೋಮಿ ಅಂಗಡಿಗೆ ಹೋಗಿ ಬ್ಯಾಂಜೋ ವಾದ್ಯದ ತೆಳು ತಂತಿ ತಂದು ಗಿಟಾರಿಗೆ ಬಿಗಿದ. ಮುಂದೆ ತೆಳು ತಂತಿ ಎಲ್ಲ ಅಂಗಡಿಯಲ್ಲೂ ಮಾರಾಟಕ್ಕೆ ಬಂತು. ಗಿರಾಕಿ ಕೇಳಿದ್ದನ್ನು ‘ಯಾರು ಕೊಳ್ತಾರೆ’ ಅಂತ ತಳ್ಳಿಹಾಕುವ ಮುಂಚೆ ವ್ಯಾಪಾರಿಗಳು ಒಂದು ಗಳಿಗೆ ಯೋಚಿಸಬಹುದು.

ಅದೂ ಸಾಲದೆ ಬಂದಾಗ ಶ್ರುತಿಯನ್ನೇ ಇಳಿಸಿದ. ಗಿಟಾರಿನ ದಪ್ಪ ತಂತಿಯ ಶ್ರುತಿ ಹಾರ್ಮೋನಿಯಂ ಲೆಕ್ಕದಲ್ಲಿ ಮೂರು. 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ ಎಂಬ ರೆಕಾರ್ಡಿನ ಕೆಲವು ಹಾಡುಗಳಲ್ಲಿ ಅದನ್ನು ಒಂದೂವರೆಗೆ ಇಳಿಸಿದ. ತಂತಿ ಸಡಿಲವಾಯ್ತು, ಬೆರಳಿಗೆ ಹಾಯೆನಿಸಿತು. ಜತೆಗೆ ಒಂದು ಆಶ್ಚರ್ಯವೂ ಆಯ್ತು. ಸದ್ದು ಕೆಳಕ್ಕಿಳಿದು, ದಪ್ಪಗಾಗಿ, ನೆಲದೊಳಗಿಂದ ಬಂದ ಹಾಗೆ ಕೇಳತೊಡಗಿತು. ಪವರ್ ಪ್ರೆಸ್ ಇರುವ ಶೆಡ್ಡಿನ ಗೋಡೆಗೆ ಬೆನ್ನು ಕೊಟ್ಟು ನಿಂತವರಿಗೆ ಆ ನಡುಕ ಗೊತ್ತು. ಇವತ್ತು ಜಗತ್ತಿನ ಸಾವಿರಾರು ಮೆಟಲ್ ತಂಡಗಳು ಶ್ರುತಿ ಇಳಿಸಿಯೇ ನುಡಿಸುತ್ತವೆ. ಬೆರಳು ಹತ್ತೂ ಗಟ್ಟಿಯಾಗಿರುವ ಹುಡುಗರು ಒಬ್ಬ ಗಾಯಾಳುವಿನ ಅನುಕೂಲವನ್ನು ಶಾಸ್ತ್ರ ಮಾಡಿಕೊಂಡಿದ್ದಾರೆ.

ತಂಬೂರಿಯ ಸ-ಪ

ಗಿಟಾರಿನಲ್ಲಿ ‘ಕಾರ್ಡ್’ ಅಂದರೆ ಮೂರು ನಾಲ್ಕು ಸ್ವರ ಒಟ್ಟಿಗೆ ಹಿಡಿಯುವುದು. ಅದಕ್ಕೆ ಎಲ್ಲ ಬೆರಳೂ ಬೇಕು. ಅಯೋಮಿಗೆ ಕಷ್ಟ. ಆತ ಎರಡೇ ಸ್ವರದ ಕಾರ್ಡನ್ನು ನೆಚ್ಚಿಕೊಂಡ. ಷಡ್ಜ ಮತ್ತು ಪಂಚಮ, ಅಷ್ಟೆ. ಇದಕ್ಕೆ ಇಂಗ್ಲಿಷಿನವರು ಪವರ್ ಕಾರ್ಡ್ ಅಂತಾರೆ. ಅದನ್ನು ಈತನೇ ಕಂಡುಹಿಡಿದದ್ದಲ್ಲ, ಮೊದಲೇ ಇತ್ತು. ಇಡೀ ಮನೆಯನ್ನು ಅದರ ಮೇಲೆ ಕಟ್ಟಿದವನು ಈತ.

ಸ-ಪ ಅಂದರೆ ನಮಗೆ ಹೊಸದೇನಲ್ಲ. ರಾಮನವಮಿ ಪೆಂಡಾಲಿನಲ್ಲಿ ವಿದ್ವಾಂಸರ ಬೆನ್ನ ಹಿಂದೆ ಮೀಟುವ ತಂಬೂರಿ ಹೇಳುವುದೂ ಅದನ್ನೇ. ಗಾಂಧಾರ ಇಲ್ಲದ್ದರಿಂದ ಅದು ಸಂತೋಷವೂ ಅಲ್ಲ, ದುಃಖವೂ ಅಲ್ಲ. ಬರೀ ಗಟ್ಟಿ ನೆಲ. ಆ ತಂಬೂರಿಯನ್ನು ಕರೆಂಟಿಗೆ ಸಿಗಿಸಿ, ಆಂಪ್ಲಿಫೈಯರು ಒಡೆದುಹೋಗುವಷ್ಟು ತಿರುವಿದರೆ ಏನು ಬರುತ್ತದೋ ಅದು ಅಯೋಮಿಯ ಗಿಟಾರು. ಆ ಆಂಪ್ಲಿಫೈಯರಾದರೂ ಊರಿನದೇ. ಲಿಂಡನ್ ಲೇನಿ ಎಂಬ ಬರ್ಮಿಂಗ್‌ಹ್ಯಾಮ್‌ನ ಹುಡುಗ 1967ರಲ್ಲಿ ಶುರು ಮಾಡಿದ ಕಂಪನಿಯ ಮಾಲು. ಮುಂದೆ ಗಿಟಾರನ್ನೂ ಊರಿನ ಜಾನ್ ಬರ್ಚ್, ಜಾನ್ ಡಿಗ್ಗಿನ್ಸ್ ಎಂಬ ಕುಶಲಕರ್ಮಿಗಳ ಹತ್ತಿರ ಹೇಳಿ ಮಾಡಿಸಿಕೊಂಡ. ನಮ್ಮ ಕಡೆ ಇದಕ್ಕೇ ಜಾಬ್ ವರ್ಕ್ ಅನ್ನೋದು.

ಇನ್ನು ‘ರಿಫ್’ ಎಂಬ ಮಾತು. ಪಲ್ಲವಿಯ ಹಾಗೆ ಮರಳಿ ಮರಳಿ ಬರುವ ತಂತಿಯ ಸಾಲು ಅದು. ಹಾಡಿನ ಮಾತು ಮರೆತರೂ ಅದು ತಲೆಯಲ್ಲಿ ಉಳಿಯುತ್ತದೆ. ಅಯೋಮಿ ಹೆಸರಾದದ್ದು ಓಡುವ ಬೆರಳಿಗಲ್ಲ, ಈ ರಿಫ್ಫಿಗೆ. ತಂಡದ ಹೆಸರನ್ನೇ ಹೊತ್ತ ಮೊದಲ ಹಾಡಿನಲ್ಲಿ ಇರುವುದು ಮೂರೇ ಸ್ವರ: ಷಡ್ಜ, ಮೇಲಿನ ಷಡ್ಜ, ಅಲ್ಲಿಂದ ಇಳಿದು ಪ್ರತಿ ಮಧ್ಯಮ. ಕೊನೆಯದರ ಮೇಲೆ ನಿಂತು ನಡುಗಿಸುವುದು. ಕಲ್ಯಾಣಿ ರಾಗದಲ್ಲಿ ಇದೇ ಪ್ರತಿ ಮಧ್ಯಮ ಎಷ್ಟು ಮಂಗಳವಾಗಿರುತ್ತದೆ! ಯೂರೋಪಿನ ಹಳೆಯ ಶಾಸ್ತ್ರಕಾರರು ಮಾತ್ರ ಷಡ್ಜಕ್ಕೂ ಅದಕ್ಕೂ ಇರುವ ಅಂತರಕ್ಕೆ ‘ಸಂಗೀತದೊಳಗಿನ ಸೈತಾನ’ ಅಂತ ಹೆಸರಿಟ್ಟಿದ್ದರು. ಅಯೋಮಿ ಅದನ್ನು ನಿಧಾನಕ್ಕೆ, ಪಂಚಮದ ಆಸರೆ ಕೊಡದೆ, ಮಳೆ ಮತ್ತು ಚರ್ಚಿನ ಗಂಟೆಯ ಸದ್ದಿನ ಹಿಂದೆ ತಂದು ನಿಲ್ಲಿಸಿದ. ಕೇಳಿದವರ ಬೆನ್ನುಹುರಿಯಲ್ಲಿ ಚಳಿ.

ಬೆರಳು ಹೋಗಿದ್ದಕ್ಕೇ ದೊಡ್ಡ ಕಲಾವಿದನಾದ ಅಂತ ಕೆಲವರು ಕಥೆ ಕಟ್ಟುತ್ತಾರೆ. ಒಪ್ಪಬೇಡಿ. ಬೆರಳು ಇದ್ದಾಗಲೇ ಅವನು ಒಳ್ಳೆಯ ಗಿಟಾರಿನವನು. ಅದಕ್ಕೇ ಅಲ್ಲವೇ ಕೆಲಸ ಬಿಟ್ಟು ಹೊರಟಿದ್ದು. ಪ್ರೆಸ್ಸು ಅವನಿಗೆ ಏನನ್ನೂ ಕೊಡಲಿಲ್ಲ. ಕೊಟ್ಟದ್ದು ಸಾಲ್ಡರಿಂಗ್ ಐರನ್ನು, ಉಪ್ಪು ಕಾಗದ, ಮತ್ತೆ ಬಿಡದೆ ಕೂತ ದಿನಗಳು.

ಬೆಳಗ್ಗೆ ಒಂಬತ್ತಕ್ಕೆ ಡ್ಯೂಟಿ

ತಂಡದ ಮಿಕ್ಕ ಮೂವರೂ ಆಸ್ಟನ್ ಕಡೆಯ ದುಡಿಯುವ ಮನೆಗಳ ಹುಡುಗರೇ. ಹಾಡುಗಾರ ಓಝಿ ಆಸ್ಬೋರ್ನ್ ಕಸಾಯಿಖಾನೆಯಲ್ಲಿ ದುಡಿದಿದ್ದ, ಕಾರಿನ ಹಾರನ್ನಿಗೆ ಶ್ರುತಿ ಮಾಡುವ ಕಾರ್ಖಾನೆಯಲ್ಲೂ ಇದ್ದ. ಬೇಸ್ ಗಿಟಾರಿನ ಗೀಝರ್ ಬಟ್ಲರ್ (ನೀರು ಕಾಯಿಸುವ ಗೀಸರಿಗೂ ಇವನಿಗೂ ಸಂಬಂಧವಿಲ್ಲ) ಲೆಕ್ಕ ಬರೆಯುವ ಕೆಲಸ ಕಲಿಯುತ್ತಿದ್ದ. ಡ್ರಮ್ಸ್‌ಗೆ ಬಿಲ್ ವಾರ್ಡ್. ಓಝಿ ಶಾಲೆಯಲ್ಲಿ ಅಯೋಮಿಗಿಂತ ಒಂದು ಕ್ಲಾಸು ಕೆಳಗೆ.

1968ರ ಡಿಸೆಂಬರಿನಲ್ಲಿ ಅಯೋಮಿ ಕೆಲವು ದಿನ ‘ಜೆಥ್ರೋ ಟಲ್’ ಎಂಬ ಹೆಸರಾಂತ ತಂಡ ಸೇರಿದ. ರೋಲಿಂಗ್ ಸ್ಟೋನ್ಸ್‌ನವರು ತೆಗೆದ ಒಂದು ಕಾರ್ಯಕ್ರಮದ ಚಿತ್ರೀಕರಣದಲ್ಲೂ ಕಾಣಿಸಿಕೊಂಡ. ಒಗ್ಗಲಿಲ್ಲ, ಗೆಳೆಯರ ಬಳಿಗೇ ವಾಪಸು ಬಂದ. ಬರುವಾಗ ಒಂದು ಪಾಠ ಹೊತ್ತು ತಂದ. ಆ ತಂಡದವರು ಬೆಳಗ್ಗೆಯೇ ಆಫೀಸಿಗೆ ಹೋದ ಹಾಗೆ ಅಭ್ಯಾಸಕ್ಕೆ ಕೂರುತ್ತಿದ್ದರು. ಇವನೂ ಗೆಳೆಯರನ್ನು ಹಾಸಿಗೆಯಿಂದ ಎಬ್ಬಿಸಿ ಒಂಬತ್ತಕ್ಕೆಲ್ಲ ಹಾಜರಿ ಹಾಕಿಸತೊಡಗಿದ. ಉದ್ದ ಕೂದಲಿನ ಪುಂಡರು ಅಂತ ಜನ ಅಂದುಕೊಂಡವರು ಒಂಬತ್ತಕ್ಕೆ ಡ್ಯೂಟಿಗೆ ಬರುತ್ತಿದ್ದರು!

1969ರಲ್ಲಿ ತಂಡಕ್ಕೆ ಹೊಸ ಹೆಸರು ಬೇಕಾಯ್ತು. ಅಭ್ಯಾಸದ ಜಾಗದ ಎದುರಿನ ಟಾಕೀಸಿನಲ್ಲಿ ‘ಬ್ಲ್ಯಾಕ್ ಸಬ್ಬತ್’ ಎಂಬ ದೆವ್ವದ ಚಿತ್ರ. ಹೆದರಿಕೊಳ್ಳುವುದಕ್ಕೆ ಜನ ಕಾಸು ಕೊಟ್ಟು ಕ್ಯೂ ನಿಲ್ಲುತ್ತಾರಲ್ಲ, ಸಂಗೀತದಲ್ಲೂ ಯಾಕೆ ಹೆದರಿಸಬಾರದು ಅನ್ನುವ ಯೋಚನೆ ಬಂತು. ವ್ಯಾಪಾರದ ತಲೆ, ಅಂಗಡಿ ಮನೆಯಲ್ಲಿ ಬೆಳೆದದ್ದು ಸುಮ್ಮನೆ ಹೋಗುತ್ತದೆಯೇ.

ಅದೇ ವರ್ಷದ ಅಕ್ಟೋಬರಿನಲ್ಲಿ ಲಂಡನ್ನಿನ ಸ್ಟುಡಿಯೋ ಒಂದರಲ್ಲಿ ಮೊದಲ ರೆಕಾರ್ಡು ಒಂದೇ ದಿನದಲ್ಲಿ ಮುಗಿಯಿತು. ಒಂದು ಶಿಫ್ಟು, ಸ್ವಲ್ಪ ಓಟಿ. ಮಧ್ಯೆ ಗಿಟಾರು ಕೈಕೊಟ್ಟಿತು, ಬದಲಿಗೆ ಇಟ್ಟುಕೊಂಡಿದ್ದ ಗಿಬ್ಸನ್ ಎಸ್‌ಜಿ ಗಿಟಾರಿನಲ್ಲಿ ಮಿಕ್ಕಿದ್ದು ನುಡಿಸಿದ. ಆ ಬದಲಿ ಗಿಟಾರೇ ಆಮೇಲೆ ಆತನ ಗುರುತಾಯ್ತು. ರೆಕಾರ್ಡು ಬಿಡುಗಡೆಯಾದದ್ದು 1970ರ ಫೆಬ್ರವರಿ 13, ಶುಕ್ರವಾರ. ಬಿಳಿಯರಿಗೆ ಅದು ಅಮಾವಾಸ್ಯೆಗಿಂತ ಅಪಶಕುನದ ದಿನ. ಅಮೆರಿಕದ ‘ರೋಲಿಂಗ್ ಸ್ಟೋನ್’ ಪತ್ರಿಕೆ ಹಿಗ್ಗಾಮುಗ್ಗಾ ಬೈಯಿತು. ಜನ ಕೊಂಡರು. ಇಂಗ್ಲೆಂಡಿನ ಪಟ್ಟಿಯಲ್ಲಿ 8ನೇ ಸ್ಥಾನ ಸಿಕ್ಕಿತು.

ಅದೇ ವರ್ಷ ಎರಡನೆಯದು, ‘ಪ್ಯಾರನಾಯ್ಡ್’. ಹಾಡು ಸಾಲದು, ಇನ್ನೊಂದು ಬೇಕು ಅಂತ ಸ್ಟುಡಿಯೋದಲ್ಲಿ ತಗಾದೆ ಬಂತು. ಮಿಕ್ಕವರು ಊಟಕ್ಕೆ ಹೋಗಿ ಬರುವಷ್ಟರಲ್ಲಿ ಅಯೋಮಿ ಒಂದು ರಿಫ್ ಕೂಡಿಸಿಟ್ಟಿದ್ದ. ಜಾಗ ತುಂಬಲು ಮಾಡಿದ ಆ ಚುಟುಕು ಹಾಡೇ ಇಂಗ್ಲೆಂಡಿನಲ್ಲಿ 4ನೇ ಸ್ಥಾನಕ್ಕೆ ಏರಿತು, ರೆಕಾರ್ಡು ಮೊದಲ ಸ್ಥಾನಕ್ಕೆ. ‘ಐರನ್ ಮ್ಯಾನ್’, ‘ವಾರ್ ಪಿಗ್ಸ್’ ಇರುವುದೂ ಅದರಲ್ಲೇ. ‘ಐರನ್ ಮ್ಯಾನ್’ನ ರಿಫ್ ಕೇಳಿ: ದಪ್ಪ ಬೂಟಿನ ಮನುಷ್ಯ ಕಬ್ಬಿಣದ ಮೆಟ್ಟಿಲು ಹತ್ತಿದ ಹಾಗೆ. ಒಂದು ಸ್ವರವೂ ದಂಡವಿಲ್ಲ.

ಮುಂದಿನ ಮೂವತ್ತು ವರ್ಷವನ್ನು ಚುಟುಕಾಗಿ ಹೇಳಿದರೆ ನಷ್ಟವಿಲ್ಲ. ದುಡ್ಡು ಬಂತು, ಕುಡಿತ, ಮಾದಕ ವಸ್ತು ಜತೆಗೇ ಬಂದವು, 1979ರಲ್ಲಿ ಓಝಿಯನ್ನು ತಂಡದಿಂದ ಹೊರಗೆ ಹಾಕಿದರು. ರಾನಿ ಜೇಮ್ಸ್ ಡಿಯೋ ಬಂದು 1980ರ ‘ಹೆವನ್ ಅಂಡ್ ಹೆಲ್’ನಲ್ಲಿ ತಂಡಕ್ಕೆ ಮತ್ತೆ ಉಸಿರು ಕೊಟ್ಟ. ಆಮೇಲೆ ಹಾಡುವವರು ಬಂದರು, ಹೋದರು. ಬಾರಿಸುವವರು ಬಂದರು, ಹೋದರು. ಕೆಲವು ರೆಕಾರ್ಡುಗಳು ಸಪ್ಪೆ, ಅಭಿಮಾನಿಗಳೇ ಒಪ್ಪುತ್ತಾರೆ. ಬೋರ್ಡು ಇಳಿಸದೆ ಅಂಗಡಿ ತೆರೆದೇ ಇಟ್ಟವನು ಅಯೋಮಿ ಒಬ್ಬ. 1997ರಲ್ಲಿ ಓಝಿ ವಾಪಸು ಬಂದ.

ಅರಮನೆ ಮೈದಾನದ ತನಕ

ಬ್ಲ್ಯಾಕ್ ಸಬ್ಬತ್ ಬೆಂಗಳೂರಿನ ವೇದಿಕೆ ಏರಲಿಲ್ಲ. ಅವರ ಸಾಲದಲ್ಲಿ ಬೆಳೆದವರು ಬಂದರು. 2007ರ ಮಾರ್ಚ್ 17ರಂದು ಐರನ್ ಮೇಡನ್, 2011ರ ಅಕ್ಟೋಬರ್ 30ರಂದು ಮೆಟಾಲಿಕಾ, ಎರಡೂ ಅರಮನೆ ಮೈದಾನದಲ್ಲಿ. ತುಮಕೂರು ರಸ್ತೆಯಿಂದಲೂ ಹುಡುಗರು ಬಸ್ಸು ಹತ್ತಿ ಹೋಗಿದ್ದರು. ಅದೇ ಮೆಟಾಲಿಕಾದ ಇಬ್ಬರು 2006ರಲ್ಲಿ ಅಮೆರಿಕದ ರಾಕ್ ಗೌರವ ಸಭೆಯೊಳಕ್ಕೆ ಬ್ಲ್ಯಾಕ್ ಸಬ್ಬತ್ತನ್ನು ಬರಮಾಡಿಕೊಂಡು, ತಮ್ಮ ಗುರುಮನೆ ಇದೇ ಅಂತ ಒಪ್ಪಿಕೊಂಡಿದ್ದರು. ಬೆಂಗಳೂರಿನದೇ ಆದ ಕ್ರಿಪ್ಟೋಸ್ ಎಂಬ ತಂಡ 1998ರಲ್ಲಿ ಶುರುವಾಗ, 2013ರಲ್ಲಿ ಜರ್ಮನಿಯ ವಾಕೆನ್ ಮೇಳದ ತನಕ ಹೋಗಿ ಹೆವಿ ಮೆಟಲ್ ನುಡಿಸಿ ಬಂತು. ನವೆಂಬರ್ ತಿಂಗಳಲ್ಲಿ ನಮ್ಮ ಬೀದಿಯ ರಾಜ್ಯೋತ್ಸವದ ಆರ್ಕೆಸ್ಟ್ರಾದಲ್ಲಿ, ಹಾಡಿನ ಮಧ್ಯೆ ಗಿಟಾರಿನ ಹುಡುಗ ಕಾಲಡಿಯ ಪೆಡಲು ಒತ್ತಿ ‘ಘರ್ರ್’ ಅನ್ನಿಸಿದರೆ ಆ ಸದ್ದಿನ ಊರೂ ಬರ್ಮಿಂಗ್‌ಹ್ಯಾಮೇ.

2012ರಲ್ಲಿ ಅಯೋಮಿಗೆ ಲಿಂಫೋಮಾ ಎಂಬ ಕ್ಯಾನ್ಸರ್ ಪತ್ತೆಯಾಯ್ತು. ಆಗ ವಯಸ್ಸು 63. ಹೊಸ ರೆಕಾರ್ಡಿನ ಕೆಲಸ ನಡೆದಿತ್ತು. ಚಿಕಿತ್ಸೆಗೆ ಒಂದಷ್ಟು ದಿನ, ಗಿಟಾರಿಗೆ ಒಂದಷ್ಟು ದಿನ ಅಂತ ಹಂಚಿಕೊಂಡು ಮುಗಿಸಿದ. 2013ರಲ್ಲಿ ಬಂದ ಆ ರೆಕಾರ್ಡಿನ ಹೆಸರು ‘13’; ಇಂಗ್ಲೆಂಡ್, ಅಮೆರಿಕ ಎರಡೂ ಕಡೆ ಮೊದಲ ಸ್ಥಾನ. ಅದರ ಒಂದು ಹಾಡಿಗೆ 2014ರಲ್ಲಿ ಗ್ರ್ಯಾಮಿ ಬಂತು. ಊರೂರು ಸುತ್ತುವ ಕಾರ್ಯಕ್ರಮಗಳ ಮಧ್ಯೆ ರಜ ಹಾಕಿ ಆಸ್ಪತ್ರೆಗೆ ಬಂದು ಹೋಗುತ್ತಿದ್ದ. 2017ರ ಫೆಬ್ರವರಿ 4ರಂದು ಬರ್ಮಿಂಗ್‌ಹ್ಯಾಮ್‌ನಲ್ಲೇ ವಿದಾಯದ ಕಛೇರಿ ನಡೆಯಿತು.

ವಿದಾಯ ಹೇಳಿದ ಮೇಲೂ ಊರು ಬಿಡಲಿಲ್ಲ. 2022ರ ಆಗಸ್ಟಿನಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ಮುಕ್ತಾಯ ಸಮಾರಂಭವನ್ನು ಟಿವಿಯಲ್ಲಿ ನೋಡಿದವರಿಗೆ ನೆನಪಿರಬಹುದು, ಕೊನೆಗೆ ಕಪ್ಪು ಬಟ್ಟೆಯ ಇಬ್ಬರು ಮುದುಕರು ಬಂದು ಕ್ರೀಡಾಂಗಣವನ್ನು ಎಬ್ಬಿಸಿ ನಿಲ್ಲಿಸಿದ್ದರು. ಅವರು ಓಝಿ ಮತ್ತು ಅಯೋಮಿ.

ನಿಜವಾದ ಕೊನೆಯ ಕಛೇರಿ 2025ರ ಜುಲೈ 5ರಂದು, ಆಸ್ಟನ್ನಿನ ವಿಲ್ಲಾ ಪಾರ್ಕ್ ಫುಟ್‌ಬಾಲ್ ಮೈದಾನದಲ್ಲಿ. ಬಾಲ್ಯದ ಬೀದಿಗಳು ಅಲ್ಲೇ ಪಕ್ಕದಲ್ಲಿ. ಇಪ್ಪತ್ತು ವರ್ಷದ ಮೇಲೆ ಮೊದಲ ನಾಲ್ವರೂ ಒಟ್ಟಿಗೆ ನಿಂತರು. ಓಝಿ ನಿಲ್ಲಲಿಲ್ಲ ಅನ್ನಿ. ಪಾರ್ಕಿನ್ಸನ್ ಕಾಯಿಲೆ, ಸಿಂಹಾಸನದಂಥ ಕುರ್ಚಿಯಲ್ಲಿ ಕೂತೇ ಹಾಡಿದ. ಮೆಟಾಲಿಕಾದವರೂ ಬಂದು ನುಡಿಸಿದರು. ಬಂದ ಲಾಭ ಮಕ್ಕಳ ಆಸ್ಪತ್ರೆಗೆ, ಮಕ್ಕಳ ಆರೈಕೆ ಕೇಂದ್ರಕ್ಕೆ, ಪಾರ್ಕಿನ್ಸನ್ ಸಂಶೋಧನೆಗೆ ಅಂತ ಮೊದಲೇ ಹೇಳಿದ್ದರು. ಬ್ಲ್ಯಾಕ್ ಸಬ್ಬತ್ ನುಡಿಸಿದ್ದು ನಾಲ್ಕೇ ಹಾಡು. ಕೊನೆಯದು ‘ಪ್ಯಾರನಾಯ್ಡ್’. ಜುಲೈ 22ರಂದು ಓಝಿ ತೀರಿಕೊಂಡ.

ಅಯೋಮಿಯ ಬೆರಳ ಟೋಪಿ ಈಗ ಸೋಪಿನ ಬಾಟಲಿಯದಲ್ಲ. ಕೃತಕ ಕೈಕಾಲು ಮಾಡುವ ಆಸ್ಪತ್ರೆಯವರು ಮಾಡಿಕೊಡುತ್ತಾರೆ ಅಂತ 2011ರಲ್ಲಿ ಬಂದ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಅವರು ಕಳಿಸುವುದು ಒಂದು ಇಡೀ ಕೈ. ಈತ ಅದರಿಂದ ಎರಡು ಬೆರಳಿನ ತುದಿ ಮಾತ್ರ ಕತ್ತರಿಸಿಕೊಂಡು ಮಿಕ್ಕಿದ್ದನ್ನು ಬಿಡುತ್ತಾನೆ. ಮೇಲೆ ಅಂಟಿಸುವ ಚರ್ಮ ಮಾತ್ರ ಅದೇ ಹಳೆಯ ಜಾಕೆಟ್ಟಿನದು. ಇನ್ನು ಸ್ವಲ್ಪ ಉಳಿದಿದೆಯಂತೆ.